ಮೂಲೆಯಿಂದ ಮೂಲೆಗೆ ಅಳತೆ ಸರಿ ಇದೆ, ಆದರೂ ಬೀದರಿನಲ್ಲಿ 120 ಮೀಟರಿಗೆ 47 ಮಿ.ಮೀ. ಕಡಿಮೆ. ಯಾಕೆ?

ತೊಗರಿಹೊಲ
ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಸೈಟ್ ಇಂಜಿನಿಯರ್. ಈಗ ಬೀದರ್ ಊರ ಹೊರಗೆ ಒಂದು ಗೋದಾಮಿನ ಕೆಲಸ ನಡೆದಿದೆ. 120 ಮೀಟರ್ ಉದ್ದ, 30 ಮೀಟರ್ ಅಗಲ. ಪಿಇಬಿ ಶೆಡ್ಡು. ಅಂದರೆ ಕಬ್ಬಿಣದ ಫ್ರೇಮೆಲ್ಲ ಫ್ಯಾಕ್ಟರಿಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತದೆ, ನಾವು ಬೋಲ್ಟ್ ಕೂರಿಸಿಕೊಡಬೇಕು. 6 ಮೀಟರಿಗೊಂದು ಫ್ರೇಮು. ಒಟ್ಟು 21 ಲೈನು, 42 ಕಾಲಂ.

ಮಾರ್ಕಿಂಗ್ ಮಾಡಿದ್ದು ಹೀಗೆ. ಜಾಗದ ಸರ್ವೇ ಯುಟಿಎಂನಲ್ಲಿ, ಅಂದರೆ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಅಳತೆ ಪದ್ಧತಿಯಲ್ಲಿ ಆಗಿತ್ತು. ಅದರ ಮೇಲೇ ಕಟ್ಟಡ ಕೂರಿಸಿ ಆಟೋಕ್ಯಾಡ್ ಫೈಲ್ ಕಳಿಸಿದರು. ನಾನು 42 ಕಾಲಂ ಸೆಂಟರಿನ ಈಸ್ಟಿಂಗ್, ನಾರ್ಥಿಂಗ್ (ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಅನ್ನುವ ಅಂಕಿ) ತೆಗೆದು ಸಿಎಸ್‌ವಿ ಮಾಡಿ ಆರ್‌ಟಿಕೆ ರೋವರಿಗೆ (ಉಪಗ್ರಹದಿಂದ ಜಾಗ ತೋರಿಸುವ ಕೋಲು) ಹಾಕಿದೆ. ಒಂದೊಂದಾಗಿ ಗೂಟ ಹೊಡೆಸಿ, ಸುಣ್ಣ ಹಾಕಿಸಿ, ಗುಂಡಿ ತೋಡಿಸಿದೆ. 8 ಗುಂಡಿಗೆ ಪಿಸಿಸಿ (ತಳದ ಕಾಂಕ್ರೀಟ್ ಹಾಸು) ಕೂಡ ಆಗಿದೆ.

ಎರಡೂ ಕರ್ಣ ಹಿಡಿದು ನೋಡಿದ್ದೆ. ಒಂದಕ್ಕೂ ಇನ್ನೊಂದಕ್ಕೂ 3 ಮಿ.ಮೀ. ಅಷ್ಟೇ ವ್ಯತ್ಯಾಸ. ಫ್ರೇಮಿನಿಂದ ಫ್ರೇಮಿಗೆ 6 ಮೀಟರ್ ಟೇಪ್ ಹಿಡಿದರೆ ಕೆಲವು ಕಡೆ 5.99, ಕೆಲವು ಕಡೆ 6.01. ರೋವರಿಗೆ ಅಷ್ಟು ಹೆಚ್ಚುಕಮ್ಮಿ ಇದ್ದದ್ದೇ, ಬೋಲ್ಟ್ ಕೂರಿಸುವಾಗ ಟೋಟಲ್ ಸ್ಟೇಷನ್ (ಬೆಳಕಿನ ಕಿರಣದಿಂದ ದೂರ, ಕೋನ ಅಳೆಯುವ ಮಷಿನ್) ತಂದು ಸರಿ ಮಾಡೋಣ ಅಂದುಕೊಂಡೆ.

ಇವತ್ತು ಬೆಳಿಗ್ಗೆ ಟೋಟಲ್ ಸ್ಟೇಷನ್ ಬಾಡಿಗೆಗೆ ತಂದೆವು. ಲೈನ್ 1ರಿಂದ ಲೈನ್ 21ಕ್ಕೆ ಹೊಡೆದರೆ 119.953 ಬಂತು! ಇನ್ನೊಂದು ಬದಿಯಲ್ಲೂ 119.95. ನಾಲ್ಕು ಸಲ ಹೊಡೆದೆ. ಅದೇ. 120.000 ಬರಬೇಕಿತ್ತು.

ಇದೇ ರೋವರು, ಇದೇ ಪದ್ಧತಿಯಲ್ಲಿ ಕಲಬುರಗಿಯಲ್ಲಿ ಎರಡು ವರ್ಷದಿಂದ ಕೆಲಸ ಮಾಡಿದ್ದೇನೆ. ರಿಂಗ್ ರಸ್ತೆ ಹತ್ತಿರ 90 ಮೀಟರಿನ ಶೆಡ್ಡೇ ಕಟ್ಟಿದ್ದೇವೆ. ಒಂದು ಬೋಲ್ಟೂ ತಕರಾರು ಮಾಡಲಿಲ್ಲ. ಬೀದರಿಗೆ ಬಂದಕೂಡಲೇ ಏನಾಯಿತು? ಗೊತ್ತಿದ್ದವರು ದಯವಿಟ್ಟು ಹೇಳಿ. ಗುರುವಾರ ಕಾಂಕ್ರೀಟ್ ಅಂತ ಮಾಲೀಕರಿಗೆ ಮಾತು ಕೊಟ್ಟಿದ್ದೇನೆ.


ಗೌಂಡಿ ಮಗ
ಸೋಮವಾರ, ರಾತ್ರಿ 10.05

ಅಣ್ಣಾ, ಬಿಸಿಲು ಇರಬಹುದಾ? ನಮ್ಮಪ್ಪ ಆಳಂದ ಕಡೆ 35 ವರ್ಷ ಗೌಂಡಿ ಕೆಲಸ ಮಾಡಿದವರು. ಬೇಸಿಗೆಯಲ್ಲಿ ಉದ್ದದ ಅಳತೆಯನ್ನು ಹೊತ್ತು ಏರುವ ಮುಂಚೆಯೇ ಮುಗಿಸುತ್ತಿದ್ದರು. ಸ್ಟೀಲ್ ಟೇಪು ಬಿಸಿಗೆ ಉದ್ದ ಆಗುತ್ತದೆ, ಆಗ ಓದುವ ಅಳತೆ ಕಡಿಮೆ ಬರುತ್ತದೆ. ಟೇಪಿನ ಅಳತೆ 20 ಡಿಗ್ರಿಗೆ ಸರಿ ಮಾಡಿರುತ್ತಾರೆ. ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ ಅಂದರೆ 30 ಮೀಟರ್ ಟೇಪು ಸುಮಾರು ಏಳೂವರೆ ಮಿ.ಮೀ. ಹಿಗ್ಗುತ್ತದೆ. ನಾಲ್ಕು ಟೇಪು ಜೋಡಿಸಿದರೆ 30 ಮಿ.ಮೀ. ಅಲ್ಲೇ ಹೋಯಿತು.

ಆದರೆ ನೀವು ಟೋಟಲ್ ಸ್ಟೇಷನ್ ಅಂತೀರಿ. ಅದಕ್ಕೂ ಬಿಸಿಲು ತಾಗುತ್ತದಾ?


ಪ್ರಿಸಂ ಕೋಲು
ಸೋಮವಾರ, ರಾತ್ರಿ 10.30

ತಾಗುತ್ತದೆ, ಆದರೆ ಇಷ್ಟಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ತಪ್ಪು ಹಾಕಿದರೆ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು) ಆಸುಪಾಸು ತಪ್ಪುತ್ತದೆ. 20 ಡಿಗ್ರಿ ತಪ್ಪಿದರೂ 120 ಮೀಟರಿಗೆ ಎರಡೂವರೆ ಮಿ.ಮೀ. ಮೀರುವುದಿಲ್ಲ. ನಿಮ್ಮದು 47.

ತೊಗರಿಹೊಲ ಅವರೇ, ನಾನು ಬೀದರಿನಲ್ಲೇ ಸರ್ವೇ ಕೆಲಸ ಮಾಡುವವನು. ಏನಾಗಿರಬಹುದು ಅಂತ ಅಂದಾಜು ಇದೆ, ಆದರೆ ಸುಮ್ನೆ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಲೈನ್ 1ರಲ್ಲೇ ಮಷಿನ್ ಇಟ್ಟು, ಮೊದಲು ಲೈನ್ 6ಕ್ಕೆ ಹೊಡೆಯಿರಿ, ಆಮೇಲೆ ಲೈನ್ 11ಕ್ಕೆ, ಆಮೇಲೆ 16, 21. ಪ್ರತಿಯೊಂದರಲ್ಲೂ ಎಷ್ಟು ಕಡಿಮೆ ಬಂತು ಅಂತ ಬರೆಯಿರಿ.

ಪ್ರಿಸಂ ಕಾನ್‌ಸ್ಟೆಂಟ್ (ಕಿರಣ ವಾಪಸ್ ಕಳಿಸುವ ಗಾಜಿಗೆ ಮಷಿನಿನಲ್ಲಿ ಹಾಕುವ ಸ್ಥಿರ ತಿದ್ದುಪಡಿ) ತಪ್ಪಿದ್ದರೆ ಹತ್ತಿರಕ್ಕೂ ದೂರಕ್ಕೂ ಒಂದೇ ತಪ್ಪು ಬರುತ್ತದೆ. 30 ಮೀಟರಿನಲ್ಲೂ 47, 120ರಲ್ಲೂ 47. ದೂರ ಹೆಚ್ಚಿದಂತೆ ತಪ್ಪೂ ಹೆಚ್ಚಿದರೆ ಕಾರಣ ಬೇರೆ.


ಕಬ್ಬಿಣ ಕೆಲಸ
ಸೋಮವಾರ, ರಾತ್ರಿ 11.10

ನಾವು ಹುಮನಾಬಾದ್ ಕಡೆ ಶೆಡ್ಡು ನಿಲ್ಲಿಸುವವರು. ನಮ್ಮ ಕಡೆಯಿಂದ ಒಂದು ಮಾತು. ದಯವಿಟ್ಟು ಇದನ್ನು ಈಗಲೇ ಬಗೆಹರಿಸಿ, ಬೋಲ್ಟು ಕಾಂಕ್ರೀಟಿನಲ್ಲಿ ಕೂತ ಮೇಲೆ ಅಲ್ಲ.

ಕಾಲಂ ಬುಡದ ಬೇಸ್ ಪ್ಲೇಟಿನ ತೂತು ಬೋಲ್ಟಿಗಿಂತ ಕೆಲವೇ ಮಿ.ಮೀ. ದೊಡ್ಡದು. ಮೊದಲ ನಾಲ್ಕೈದು ಫ್ರೇಮು ಸಲೀಸಾಗಿ ನಿಲ್ಲುತ್ತವೆ. ಪರ್ಲಿನ್ (ಫ್ರೇಮಿನಿಂದ ಫ್ರೇಮಿಗೆ ಹಾಯುವ ಚಾವಣಿ ಪಟ್ಟಿ) ತೂತಿನಲ್ಲಿ ಒಂದಿಷ್ಟು ಸಡಿಲ ಇರುತ್ತದೆ ನೋಡಿ, ಅಲ್ಲಿಯವರೆಗೆ ತಪ್ಪು ಗೊತ್ತೇ ಆಗುವುದಿಲ್ಲ. ಎಂಟನೆಯದಕ್ಕೆ ಬಂದಾಗ ಪರ್ಲಿನ್ ತಳ್ಳುತ್ತದೆ, ಕಾಲಂ ವಾಲುತ್ತದೆ. ಆಮೇಲೆ ಗ್ಯಾಸ್ ಕಟರ್ ಹಿಡಿದು ತೂತು ಅಗಲ ಮಾಡು ಅಂತ ಯಾರಾದರೂ ಹೇಳುತ್ತಾರೆ. ನನ್ನ ಕೈಯಿಂದ ಒಂದು ಸಲ ಹಾಗೆ ಮಾಡಿಸಿದರು. ಆ ಶೆಡ್ಡಿನ ಮುಂದೆ ಹಾದುಹೋಗುವಾಗ ಈಗಲೂ ಆ ಪ್ಲೇಟುಗಳೇ ಕಣ್ಣಿಗೆ ಬೀಳುತ್ತವೆ.


ತೊಗರಿಹೊಲ
ಮಂಗಳವಾರ, ಬೆಳಿಗ್ಗೆ 8.20

ಪ್ರಿಸಂ ಕೋಲು ಸರ್, ಈಗಷ್ಟೇ ಹೊಡೆದು ಬಂದೆ. ಬೆಳಿಗ್ಗೆ 6.45ಕ್ಕೆ, ಮಷಿನಿಗೆ ಉಷ್ಣತೆ ಸರಿಯಾಗಿ ಹಾಕಿ.

ಲೈನ್ 6ಕ್ಕೆ 29.987. ಲೈನ್ 11ಕ್ಕೆ 59.977. ಲೈನ್ 16ಕ್ಕೆ 89.964. ಲೈನ್ 21ಕ್ಕೆ 119.953.

ಅಂದರೆ ಪ್ರತಿ 30 ಮೀಟರಿಗೆ ಸುಮಾರು 12 ಮಿ.ಮೀ. ಕಡಿಮೆಯಾಗುತ್ತಾ ಹೋಗಿದೆ. ದೂರದ ಜೊತೆ ಬೆಳೆಯುತ್ತಿದೆ. ಹಾಗಾದರೆ ಪ್ರಿಸಂ ಅಲ್ಲ, ಅಲ್ವಾ?

ಫೈಲಿನಲ್ಲಿ ಮತ್ತೆ ನೋಡಿದೆ. ಆಟೋಕ್ಯಾಡಿನಲ್ಲಿ ಲೈನ್ 1ರಿಂದ 21ಕ್ಕೆ ಸರಿಯಾಗಿ 120.000 ಇದೆ. ಸಿಎಸ್‌ವಿ ಅಂಕಿಗಳಿಂದ ಲೆಕ್ಕ ಹಾಕಿದರೂ 120.000. ರೋವರಿನಿಂದ ಮೂಲೆಗಳನ್ನು ಮತ್ತೆ ಓದಿದೆ, ಅದೂ 120ಕ್ಕೆ ಒಂದು ಸೆಂಟಿಮೀಟರ್ ಆಚೆಈಚೆ ತೋರಿಸುತ್ತದೆ. ರೋವರಿಗೆ 120, ಟೋಟಲ್ ಸ್ಟೇಷನ್ನಿಗೆ 119.953. ಯಾವುದನ್ನು ನಂಬಲಿ?


ಪ್ರಿಸಂ ಕೋಲು
ಮಂಗಳವಾರ, ಬೆಳಿಗ್ಗೆ 9.15

ಎರಡನ್ನೂ ನಂಬಿ. ಎರಡೂ ಸರಿಯಾಗಿಯೇ ಹೇಳುತ್ತಿವೆ. ಅವೆರಡರ ಮೀಟರ್ ಬೇರೆ ಬೇರೆ. ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಇದೇ ತಪ್ಪಿಗೆ ನಮ್ಮ ಜಿಲ್ಲೆಯಲ್ಲಿ ಬೈಸಿಕೊಂಡವರು ಜಾಸ್ತಿ.

ಟೋಟಲ್ ಸ್ಟೇಷನ್ ಅಳೆಯುವುದು ನೆಲದ ಮೇಲಿನ ದೂರ. ಟೇಪು ಹಿಡಿದರೆ ಬರುವುದು ಅದೇ. ಫ್ಯಾಕ್ಟರಿಯಲ್ಲಿ ಕಬ್ಬಿಣ ಕತ್ತರಿಸುವುದೂ ಅದೇ ಮೀಟರಿನಲ್ಲಿ.

ಯುಟಿಎಂ ಅನ್ನುವುದು ನಕ್ಷೆಯ ಮೀಟರು. ಭೂಮಿ ಉರುಟು, ಕಾಗದ ಚಪ್ಪಟೆ. ಒಂದು ಗಡಿಗೆಯ ಹೊಟ್ಟೆಗೆ ಕಾಗದ ಸುತ್ತಿದ್ದೀರಿ ಅಂದುಕೊಳ್ಳಿ. ಕಾಗದವನ್ನು ಮಣ್ಣಿನೊಳಗೆ ಸ್ವಲ್ಪ ಒತ್ತಿ ಸುತ್ತಿದ್ದೀರಿ. ಹೊಟ್ಟೆಯ ನಟ್ಟನಡುವೆ ಕಾಗದ ಮೈಗಿಂತ ಒಳಗಿದೆ, ಅಲ್ಲಿ ದೂರ ಕುಗ್ಗುತ್ತದೆ. ಎರಡು ಬದಿಗೆ ಒಂದೊಂದು ಗೆರೆಯಲ್ಲಿ ಕಾಗದವೂ ಮೈಯೂ ಸಮ ಸೇರುತ್ತವೆ. ಅದರಾಚೆ ಕಾಗದ ಮೈ ಬಿಟ್ಟು ಹೊರಗಿದೆ, ಅಲ್ಲಿ ದೂರ ಹಿಗ್ಗುತ್ತದೆ.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಯುಟಿಎಂ 43ನೇ ವಲಯದಲ್ಲಿವೆ. ಅದರ ನಡುಗೆರೆ 75 ಡಿಗ್ರಿ ಪೂರ್ವ ರೇಖಾಂಶ. ಹುಬ್ಬಳ್ಳಿ ಹತ್ತಿರ ಹಾಯುತ್ತದೆ. ಅಲ್ಲಿ ಸ್ಕೇಲು 0.9996. ನಡುಗೆರೆಯಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿ ಅದು 1 ಆಗುತ್ತದೆ. ಕಲಬುರಗಿ ಇರುವುದು ಸುಮಾರು 195 ಕಿಲೋಮೀಟರಿನಲ್ಲಿ. ಸಮ ಗೆರೆಯ ಪಕ್ಕದಲ್ಲೇ ಊರು! ಬೀದರ್ ಮಾತ್ರ ಸುಮಾರು 267 ಕಿಲೋಮೀಟರ್ ಪೂರ್ವಕ್ಕಿದೆ. ಇಲ್ಲಿ ಸ್ಕೇಲು 1.00048ರ ಆಸುಪಾಸು.

ಇದರ ಜೊತೆ ಎತ್ತರದ ಲೆಕ್ಕವೂ ಸೇರಬೇಕು. ಯುಟಿಎಂ ದೂರ ಹಿಡಿಯುವುದು ತಳದ ಮಟ್ಟದಲ್ಲಿ, ನಾವು ನಿಂತಿರುವುದು ಮೇಲೆ. ಪ್ರತಿ 100 ಮೀಟರ್ ಎತ್ತರಕ್ಕೆ 100 ಮೀಟರ್ ದೂರದಲ್ಲಿ 1.6 ಮಿ.ಮೀ. ವ್ಯತ್ಯಾಸ. ಬೀದರ್ ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ. ಎತ್ತರ ಒಂದಿಷ್ಟು ವಾಪಸ್ ಎಳೆದ ಮೇಲೂ ಒಟ್ಟು ಲೆಕ್ಕ 1.0004 ಉಳಿಯುತ್ತದೆ. ಕಲಬುರಗಿಯಲ್ಲಿ ಎತ್ತರ 450 ಮೀಟರ್ ಚಿಲ್ಲರೆ. ಅಲ್ಲಿ ಸ್ಕೇಲು ಹಿಗ್ಗಿಸಿದ್ದನ್ನು ಎತ್ತರ ಕುಗ್ಗಿಸಿಬಿಡುತ್ತದೆ. ಕೊನೆಗೆ ಉಳಿಯುವುದು ಕಿಲೋಮೀಟರಿಗೆ ಒಂದು ಸೆಂಟಿಮೀಟರಿನಷ್ಟು.

ಈಗ ನಿಮ್ಮ 120ನ್ನು 1.0004ರಿಂದ ಭಾಗಿಸಿ. 119.952. ನಿಮ್ಮ ಮಷಿನ್ ತೋರಿಸಿದ್ದು 119.953.

ಕಲಬುರಗಿಯಲ್ಲಿ ನಿಮ್ಮ ಪದ್ಧತಿ ಸರಿ ಇತ್ತು ಅಂತಲ್ಲ. ಆ ಊರು ಇರುವ ಜಾಗ ನಿಮ್ಮನ್ನು ಎರಡು ವರ್ಷ ಕಾಪಾಡಿತು.


ತೊಗರಿಹೊಲ
ಮಂಗಳವಾರ, ಬೆಳಿಗ್ಗೆ 9.50

ಸರ್, ಓದಿ ಐದು ನಿಮಿಷ ಸುಮ್ಮನೆ ಕೂತೆ. ಎರಡು ವರ್ಷದಲ್ಲಿ ಒಂದು ಸಲವೂ ಈ ಪ್ರಶ್ನೆ ನನಗೆ ಬರಲಿಲ್ಲ. ಕರ್ಣ ಸರಿ ಬಂತಲ್ಲ, ಇನ್ನೇನು ಅಂತ ಧೈರ್ಯವಾಗಿದ್ದೆ.

ಆದರೆ ಕರ್ಣ ಯಾಕೆ ಹಿಡಿಯಲಿಲ್ಲ?


ಪ್ರಿಸಂ ಕೋಲು
ಮಂಗಳವಾರ, ಬೆಳಿಗ್ಗೆ 10.05

ನೀವು ಎರಡು ಕರ್ಣವನ್ನು ಒಂದಕ್ಕೊಂದು ಹೋಲಿಸಿದಿರಿ. ಇಡೀ ಕಟ್ಟಡ ಒಂದೇ ಸಮ ಕುಗ್ಗಿದರೆ ಎರಡು ಕರ್ಣವೂ ಒಂದೇ ಸಮ ಕುಗ್ಗುತ್ತವೆ. ಮೂಲೆ ಗುಣ್ಯಾದಲ್ಲೇ (90 ಡಿಗ್ರಿಯಲ್ಲೇ) ಇರುತ್ತದೆ. ಕರ್ಣ ಹೇಳುವುದು ಮೂಲೆಯ ವಿಷಯ, ಉದ್ದದ ವಿಷಯ ಅಲ್ಲ. 120 ಮತ್ತು 30ಕ್ಕೆ ಕರ್ಣ 123.693 ಬರಬೇಕು. ನಿಮಗೆ ಎಷ್ಟು ಬಂದಿತ್ತು?


ತೊಗರಿಹೊಲ
ಮಂಗಳವಾರ, ಬೆಳಿಗ್ಗೆ 10.12

ಡೈರಿ ತೆಗೆದು ನೋಡಿದೆ. 123.645 ಮತ್ತು 123.648. ನನ್ನ ಕೈಯಿಂದಲೇ ಬರೆದಿದ್ದೇನೆ. ಪಕ್ಕದಲ್ಲಿ ಸರಿ ಗುರುತು ಬೇರೆ ಹಾಕಿದ್ದೇನೆ.


ಗೌಂಡಿ ಮಗ
ಮಂಗಳವಾರ, ಮಧ್ಯಾಹ್ನ 1.30

ಇದು ನಮ್ಮಪ್ಪನಿಗೆ ಓದಿ ಹೇಳಿದೆ. ಅವರು ಹೇಳಿದ್ದು: 30 ಬೈ 40 ಸೈಟಿಗೆ ಕರ್ಣ 50 ಅಡಿನೇ ಬರಬೇಕು, ಎರಡೂ ಸಮ ಬಂದರೆ ಸಾಲದು. ಅವರಿಗೆ ಯುಟಿಎಂ ಗೊತ್ತಿಲ್ಲ. ಆದರೆ 50 ಅನ್ನುವ ಅಂಕಿ ಮೊದಲೇ ತಲೆಯಲ್ಲಿ ಇರುತ್ತಿತ್ತು. ಬಂದ ಅಂಕಿಯನ್ನು ಅದಕ್ಕೆ ಹಿಡಿದು ನೋಡುತ್ತಿದ್ದರು.

ಇನ್ನೊಂದು. ಗೂಟದ ತಲೆ ಮೇಲೆ ಮೊಳೆ ಹೊಡೆಯುತ್ತೀರೋ, ಬರೇ ಗೂಟವನ್ನೇ ಸೆಂಟರ್ ಅಂತೀರೋ? ಎರಡಿಂಚಿನ ಗೂಟದಲ್ಲಿ ಸೆಂಟರ್ ಅಂದರೆ ಯಾವುದು? ಅಪ್ಪ ಗೂಟ ನೆಟ್ಟ ಮೇಲೆ ಮೊಳೆ ಹೊಡೆದು, ಮೊಳೆಗೆ ದಾರ ತಾಗಿಸಿ, ಎಡಗೈಯಿಂದ ಗಾಳಿ ಮರೆ ಮಾಡಿ ಬಲಗೈಯಲ್ಲಿ ಗುಂಡು ಇಳಿಬಿಡುತ್ತಿದ್ದರು. ಗುಂಡು ಅಲುಗುವುದು ಪೂರ್ತಿ ನಿಲ್ಲುವವರೆಗೆ ಮಾತಾಡುತ್ತಿರಲಿಲ್ಲ, ನಮ್ಮನ್ನೂ ಮಾತಾಡಲು ಬಿಡುತ್ತಿರಲಿಲ್ಲ.


ನಕಾಶೆ ಮನೆ
ಮಂಗಳವಾರ, ಮಧ್ಯಾಹ್ನ 2.45

ನಾನು ಕಲಬುರಗಿಯಲ್ಲಿ ಡ್ರಾಯಿಂಗ್ ಮಾಡುವವಳು. ಈ ತಪ್ಪಿನಲ್ಲಿ ಸೈಟಿನವರದ್ದೇ ಪೂರ್ತಿ ಪಾಲಿಲ್ಲ, ನಮ್ಮ ಟೇಬಲ್ಲಿನದ್ದೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಸರ್ವೇ ಫೈಲು ಬಂದಾಗ ನಾವು ಮಾಡುವುದು ಏನು? ಅದನ್ನು ತೆರೆದು, ಗಡಿ ನೋಡಿ, 120 ಬೈ 30 ಆಯತವನ್ನು ಅದರ ಮೇಲೆ ಇಟ್ಟುಬಿಡುತ್ತೇವೆ. ಗಡಿ ನಕ್ಷೆಯ ಮೀಟರಿನಲ್ಲಿದೆ, ಕಟ್ಟಡ ಕಬ್ಬಿಣದ ಮೀಟರಿನಲ್ಲಿದೆ. ಎರಡನ್ನೂ ಒಂದೇ ಕಾಗದದ ಮೇಲೆ ಕೂರಿಸಿ, ಯಾವುದಕ್ಕೆ ಯಾವ ಮೀಟರ್ ಅಂತ ಎಲ್ಲೂ ಬರೆಯುವುದಿಲ್ಲ. ಡ್ರಾಯಿಂಗಿನ ಬದಿಯಲ್ಲಿ ಸ್ಕೇಲು, ದಿನಾಂಕ, ರಿವಿಷನ್ ಎಲ್ಲ ಇರುತ್ತದೆ, ಇದೊಂದು ಸಾಲು ಇರುವುದಿಲ್ಲ. ಇವತ್ತಿನಿಂದ ನನ್ನ ಪ್ರತಿ ಮಾರ್ಕಿಂಗ್ ಡ್ರಾಯಿಂಗಿನಲ್ಲಿ ಆ ಸಾಲು ಇರುತ್ತದೆ. ‘ಈ ಅಳತೆಗಳು ನೆಲದ ಅಳತೆ’ ಅಥವಾ ‘ಈ ಅಳತೆಗಳು ಯುಟಿಎಂ ವಲಯ 43’.

ಇನ್ನು ಅಂಕಿಗಳ ಗಾತ್ರದ ವಿಷಯ. ಕಲಬುರಗಿಯಲ್ಲಿ ಈಸ್ಟಿಂಗ್ 6 ಲಕ್ಷ 94 ಸಾವಿರ, ನಾರ್ಥಿಂಗ್ 19 ಲಕ್ಷ 17 ಸಾವಿರ ಆಸುಪಾಸು ಬರುತ್ತದೆ. ಆಟೋಕ್ಯಾಡ್ ಇದನ್ನು ತಾಳಿಕೊಳ್ಳುತ್ತದೆ. ಆದರೆ ಅಂಕಿಯನ್ನು 32 ಬಿಟ್ಟಿನಲ್ಲಿ ಇಟ್ಟುಕೊಳ್ಳುವ ಸಣ್ಣ ವ್ಯೂವರ್ ಅಥವಾ ಮೊಬೈಲ್ ಆಪ್ ಆದರೆ 19 ಲಕ್ಷದಷ್ಟು ದೊಡ್ಡ ಅಂಕಿಯಲ್ಲಿ ಒಂದು ಹೆಜ್ಜೆ ಅಂದರೆ ಹನ್ನೆರಡೂವರೆ ಸೆಂಟಿಮೀಟರ್! ಅದಕ್ಕಿಂತ ಸಣ್ಣದು ಅದಕ್ಕೆ ಕಾಣಿಸುವುದೇ ಇಲ್ಲ. ಗೆರೆಗಳು ನಡುಗುವುದು, ವೃತ್ತ ಮೂಲೆಮೂಲೆಯಾಗಿ ಕಾಣುವುದು ಎಲ್ಲ ಅದಕ್ಕೇ. ಅಂಥ ಆಪಿನಿಂದ ಪಾಯಿಂಟ್ ಓದಿ ಗೂಟ ಹೊಡೆಯಬೇಡಿ.

ಸೈಟಿಗೇ ಅಂತ ಸಣ್ಣ ಗ್ರಿಡ್ಡು ಮಾಡಿಕೊಳ್ಳುವುದು ಒಳ್ಳೆಯದು. ಒಂದು ಕಂಟ್ರೋಲ್ ಪಾಯಿಂಟಿಗೆ (ಅಲುಗದ ಆಧಾರ ಗುರುತು) ಈಸ್ಟಿಂಗ್ 1000, ನಾರ್ಥಿಂಗ್ 5000 ಅಂತ ಕೊಡಿ. ಮೈನಸ್ ಅಂಕಿ ಬರುವುದಿಲ್ಲ. ಎರಡು ಅಂಕಿ ಬೇರೆ ಬೇರೆ ಸಾವಿರದಲ್ಲಿ ಇರುವುದರಿಂದ ಅದಲುಬದಲಾದರೆ ಕಣ್ಣಿಗೇ ಹೊಡೆಯುತ್ತದೆ.


ಹೊಸಬ
ಮಂಗಳವಾರ, ಸಂಜೆ 4.10

ಅಕ್ಕ, ನಾನು ಈಗಷ್ಟೇ ಡಿಪ್ಲೊಮಾ ಮುಗಿಸಿದ್ದೇನೆ. ಅದಲುಬದಲಾದರೆ ಏನಾಗುತ್ತದೆ? ಕಟ್ಟಡ ಎಲ್ಲೋ ದೂರ ಹೋಗಿ ಬೀಳುತ್ತದಲ್ಲ, ಹಾಗೆಯೇ ಗೊತ್ತಾಗುವುದಿಲ್ಲವಾ?


ನಕಾಶೆ ಮನೆ
ಮಂಗಳವಾರ, ಸಂಜೆ 4.40

ಯುಟಿಎಂ ಆದರೆ ಗೊತ್ತಾಗುತ್ತದೆ, ಸಾವಿರ ಕಿಲೋಮೀಟರಿಗೂ ಆಚೆ ತೋರಿಸುತ್ತದೆ. ಸೈಟ್ ಗ್ರಿಡ್ಡಿನಲ್ಲಿ ಎರಡಕ್ಕೂ 1000, 1000 ಅಂತ ಕೊಟ್ಟಿದ್ದರೆ ಗೊತ್ತಾಗುವುದಿಲ್ಲ. ಕೆಲವು ಮಷಿನು ಮೊದಲು ನಾರ್ಥಿಂಗ್ ಕೇಳುತ್ತವೆ, ಕೆಲವು ಈಸ್ಟಿಂಗ್. ಸಿಎಸ್‌ವಿಯಲ್ಲಿ ಈಸ್ಟಿಂಗ್, ನಾರ್ಥಿಂಗ್ ಹಿಂದುಮುಂದಾದರೆ ಕಟ್ಟಡ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತದೆ. ಉದ್ದ ಸರಿ, ಅಗಲ ಸರಿ, ಕರ್ಣವೂ ಸರಿ. ಬಾಗಿಲು ಮಾತ್ರ ಬೇರೆ ದಿಕ್ಕಿಗೆ.

ಆದ್ದರಿಂದ ಗೂಟ ಹೊಡೆದ ಮೇಲೆ ಡ್ರಾಯಿಂಗ್ ಹಿಡಿದು ರಸ್ತೆ ಕಡೆ ಮುಖ ಮಾಡಿ ಒಮ್ಮೆ ನಿಲ್ಲು. ಬಾಗಿಲು ಎಲ್ಲಿ ಬರಬೇಕೋ ಅಲ್ಲೇ ಇದೆಯಾ, ಬೇವಿನ ಮರ ಎಡಕ್ಕೋ ಬಲಕ್ಕೋ, ಬಾವಿ ಯಾವ ಕಡೆ. ಒಂದು ನಿಮಿಷದ ಕೆಲಸ ತಮ್ಮಾ.

ಮತ್ತೆ, ನಾನು ಪಾಯಿಂಟ್ ತೆಗೆದ ಮೇಲೆ ಆ ಸಿಎಸ್‌ವಿಯನ್ನೇ ಖಾಲಿ ಫೈಲಿಗೆ ತಂದು ಸ್ಟ್ರಕ್ಚರಲ್ ಡ್ರಾಯಿಂಗ್ ಮೇಲೆ ಕೂರಿಸಿ ನೋಡುತ್ತೇನೆ. ಆರ್ಕಿಟೆಕ್ಟ್ ಡ್ರಾಯಿಂಗ್ ಮೇಲಲ್ಲ, ಸ್ಟ್ರಕ್ಚರಲ್ ಮೇಲೆ. ಆರ್ಕಿಟೆಕ್ಟ್ ಗ್ರಿಡ್ಡು ಎಷ್ಟೋ ಸಲ ಗೋಡೆಯ ಹೊರ ಮುಖಕ್ಕಿರುತ್ತದೆ, ಸ್ಟ್ರಕ್ಚರಿನದ್ದು ಕಾಲಂ ಸೆಂಟರಿಗೆ. 230ರ ಗೋಡೆಯಲ್ಲಿ ಅರ್ಧ ಅಂದರೆ 115 ಮಿ.ಮೀ. ಎಷ್ಟೋ ಮನೆಗಳಲ್ಲಿ ಕಾಲಂ ಗೋಡೆಯಿಂದ ಮೂಗು ಚಾಚಿರುವುದು ಇದೇ 115ರಿಂದ. ಮತ್ತೆ ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಪ್ರಿಂಟ್ ತೆಗೆದು ಅದರ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಅಳೆಯುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಪ್ರಿಂಟರು ಕಾಗದಕ್ಕೆ ಹೊಂದಿಸಲು ತಾನಾಗಿಯೇ ಸಣ್ಣದು ಮಾಡಿರುತ್ತದೆ.


ಕಬ್ಬಿಣ ಕೆಲಸ
ಮಂಗಳವಾರ, ಸಂಜೆ 6.00

ಎಲ್ಲ ಸರಿ. ಈಗ ತೊಗರಿಹೊಲ ಅವರ 42 ಗುಂಡಿಯ ಗತಿ ಏನು? 8 ಪಿಸಿಸಿ ಒಡೆಸಬೇಕಾ?


ಪ್ರಿಸಂ ಕೋಲು
ಮಂಗಳವಾರ, ಸಂಜೆ 6.35

ಬೇಡ. ಲೈನ್ 1ನ್ನು ಗಟ್ಟಿ ಹಿಡಿದು ಸರಿಪಡಿಸಿದರೆ ಲೈನ್ 21 ಪೂರ್ತಿ 47 ಮಿ.ಮೀ. ಸರಿಯುತ್ತದೆ. ಅದರ ಬದಲು ನಡುವಿನ ಲೈನ್ 11ನ್ನು ಹಿಡಿಯಿರಿ. ಅದು ಇದ್ದಲ್ಲೇ ಇರಲಿ. ಅಲ್ಲಿಂದ ಎರಡೂ ಕಡೆ ನೆಲದ ಅಳತೆಯಲ್ಲಿ ಹಿಗ್ಗಿಸಿ. ಆಗ ಎರಡು ತುದಿಯೂ 24 ಮಿ.ಮೀ. ಒಳಗೇ ಸರಿಯುತ್ತವೆ. ಪಿಸಿಸಿ ಫುಟಿಂಗಿನ ಆಚೆ ಎಷ್ಟು ಚಾಚಿದೆ?


ತೊಗರಿಹೊಲ
ಮಂಗಳವಾರ, ಸಂಜೆ 6.50

ಪ್ರತಿ ಬದಿಗೆ 100 ಮಿ.ಮೀ. ಗುಂಡಿಯೂ ಸಡಿಲವಾಗಿಯೇ ತೋಡಿದೆ. ಫುಟಿಂಗ್ ಅಗಲ 1.8 ಮೀಟರ್.


ಪ್ರಿಸಂ ಕೋಲು
ಮಂಗಳವಾರ, ಸಂಜೆ 7.10

ಹಾಗಾದರೆ ಆರಾಮಾಗಿ ಕೂರುತ್ತದೆ. ಪಿಸಿಸಿ ಮೇಲೆ ಹೊಸ ಸೆಂಟರ್ ಗೆರೆ ಎಳೆದು ಅಲ್ಲಿಂದ ಶುರು ಮಾಡಿ. ಒಂದು ವೇಳೆ ಫುಟಿಂಗೇ ಹಾಕಿಬಿಟ್ಟಿದ್ದರೂ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಒಂದಿಷ್ಟು ಅವಕಾಶ ಕೊಡುತ್ತದೆ. ಫುಟಿಂಗ್ ಸೆಂಟರ್ ಸರಿಯುವುದು ಅದರ ಅಗಲದ 0.02 ಪಾಲು ಮೀರಬಾರದು, ಏನೇ ಆದರೂ 50 ಮಿ.ಮೀ. ದಾಟಬಾರದು. ನಿಮ್ಮ 1.8 ಮೀಟರಿಗೆ 36 ಮಿ.ಮೀ. ಆಯಿತು. 24 ಅದರೊಳಗೇ ಇದೆ. ಆದರೆ ಕಾಂಕ್ರೀಟಿನಲ್ಲಿ ಕೂರುವ ಆಂಕರ್ ಬೋಲ್ಟಿಗೆ ಈ ಲೆಕ್ಕ ತರಬೇಡಿ, ಅದಕ್ಕೆ ಮಿ.ಮೀ.ನಲ್ಲೇ ಹೋಗಬೇಕು. ಸ್ಟ್ರಕ್ಚರಲ್ ಇಂಜಿನಿಯರಿಗೂ ಒಂದು ಮಾತು ಹೇಳಿ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ.

ಹೇಗೆ ಮಾಡುತ್ತೀರಿ ಅಂದರೆ: ಲೈನ್ 11ರ ಒಂದು ಕಾಲಂ ಸೆಂಟರಿಗೆ ಸೈಟ್ ಗ್ರಿಡ್ಡಿನ ಅಂಕಿ ಕೊಡಿ, ಮೊದಲ ಲೈನಿನ ಕಡೆಗೆ ದಿಕ್ಕು ಹಿಡಿಯಿರಿ. ಟೋಟಲ್ ಸ್ಟೇಷನ್ನಿನಲ್ಲಿ ಸ್ಕೇಲ್ 1 ಅಂತ ಇದೆಯಾ ನೋಡಿಕೊಳ್ಳಿ. ಬಾಡಿಗೆ ಮಷಿನಿನಲ್ಲಿ ಹಿಂದಿನವರು ಏನೋ ಹಾಕಿ ಬಿಟ್ಟಿರುತ್ತಾರೆ. ಫೈಲಿನಲ್ಲೂ ಸ್ಕೇಲು ಬದಲಿಸಿ, ಮಷಿನಿನಲ್ಲೂ ಬದಲಿಸಿದರೆ ತಿದ್ದುಪಡಿ ಎರಡು ಪಟ್ಟಾಗಿ ಅಷ್ಟೇ ತಪ್ಪು ಇನ್ನೊಂದು ದಿಕ್ಕಿಗೆ ಬರುತ್ತದೆ. ಒಂದೇ ಕಡೆ ಮಾಡಿ, ಎಲ್ಲಿ ಮಾಡಿದಿರಿ ಅಂತ ಬರೆದಿಡಿ.

ಆಂಕರ್ ಬೋಲ್ಟಿಗೆ ರೋವರ್ ಬೇಡವೇ ಬೇಡ. ಆರ್‌ಟಿಕೆ ಒಳ್ಳೆಯ ದಿನದಲ್ಲೂ ಒಂದು ಸೆಂಟಿಮೀಟರ್ ಆಸುಪಾಸು. ಕೋನದಲ್ಲಿ 5 ಸೆಕೆಂಡು (ಒಂದು ಡಿಗ್ರಿಯ 3600ರಲ್ಲಿ 5 ಪಾಲು) ತಪ್ಪಬಹುದಾದ ಟೋಟಲ್ ಸ್ಟೇಷನ್ 100 ಮೀಟರಿನಲ್ಲಿ ಕೋನದಿಂದ ತಪ್ಪುವುದು ಎರಡೂವರೆ ಮಿ.ಮೀ. ಅಷ್ಟೇ.


ಎರೆಮಣ್ಣು
ಮಂಗಳವಾರ, ರಾತ್ರಿ 8.30

ಯಾದಗಿರಿ ಜಿಲ್ಲೆಯಿಂದ, ಶಹಾಪುರ ಕಡೆಯವನು. ನಮ್ಮಲ್ಲಿ ಎಷ್ಟು ಬರುತ್ತದೆ ಸರ್?


ಪ್ರಿಸಂ ಕೋಲು
ಮಂಗಳವಾರ, ರಾತ್ರಿ 8.45

ಯಾದಗಿರಿ ಊರಿನ ಹತ್ತಿರ ಲೆಕ್ಕ ಹಾಕಿದರೆ 100 ಮೀಟರಿಗೆ 2 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ನೀವು ಪಶ್ಚಿಮಕ್ಕಿದ್ದೀರಿ, ಇನ್ನೂ ಕಡಿಮೆ ಬರುತ್ತದೆ. ಹುಬ್ಬಳ್ಳಿಗೆ ಹೋದರೆ ತಿರುಗುಮುರುಗು. ಅಲ್ಲಿ ನಕ್ಷೆಯ 100 ಮೀಟರ್ ನೆಲದ ಮೇಲೆ ಸುಮಾರು 5 ಸೆಂಟಿಮೀಟರ್ ಜಾಸ್ತಿ ಬರುತ್ತದೆ.

ಅಂಕಿ ಬಾಯಿಪಾಠ ಮಾಡಬೇಡಿ. ಸೈಟಿನಲ್ಲಿ 100 ಮೀಟರಿಗೂ ಹೆಚ್ಚು ದೂರದಲ್ಲಿ ಎರಡು ಮೊಳೆ ಹೊಡೆದು, ರೋವರಿನಿಂದ ಎರಡನ್ನೂ ಓದಿ ದೂರ ಲೆಕ್ಕ ಹಾಕಿ. ಅದೇ ಎರಡಕ್ಕೆ ಟೋಟಲ್ ಸ್ಟೇಷನ್ ಹೊಡೆಯಿರಿ. ಹತ್ತು ನಿಮಿಷ.


ಎರೆಮಣ್ಣು
ಮಂಗಳವಾರ, ರಾತ್ರಿ 9.20

ಧನ್ಯವಾದ ಸರ್. ಹಾಗೇ ಮೊಳೆಯ ವಿಷಯಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಒಂದು ಕೆಲಸದಲ್ಲಿ ಮೇ ತಿಂಗಳು ಎರೆಯಲ್ಲೇ ಒಂದೂವರೆ ಅಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿ ಟಿಬಿಎಂ (ಎತ್ತರ ಹಿಡಿಯಲು ತಾತ್ಕಾಲಿಕ ಗುರುತು) ಮಾಡಿದ್ದೆ. ಆಗಸ್ಟಿನಲ್ಲಿ ಪ್ಲಿಂಥ್ ಲೆವೆಲ್ ತೆಗೆದರೆ ಊರ ಶಾಲೆಯ ಕಟ್ಟೆಗೂ ನನ್ನ ಟಿಬಿಎಂಗೂ 18 ಮಿ.ಮೀ. ವ್ಯತ್ಯಾಸ. ಎತ್ತರ ನೋಡುವ ಆಟೋ ಲೆವೆಲ್ ಮಷಿನ್ ಕೆಟ್ಟಿದೆ ಅಂತ ರಿಪೇರಿಗೆ ಕಳಿಸಿದೆ. ಅದು ಸರಿಯಾಗಿಯೇ ಇತ್ತು. ಟಿಬಿಎಂ ಮಣ್ಣಿನ ಜೊತೆ ಎದ್ದಿತ್ತು.

ಈಗ ಎರೆಯ ಕೆಳಗಿನ ಗಟ್ಟಿ ಮುರುಮ್ ಸಿಗುವವರೆಗೆ ತೋಡಿಸುತ್ತೇನೆ. ಕಂಬದ ಸುತ್ತ ಎರೆ ತಾಗದ ಹಾಗೆ ಪೈಪು ಹಾಕಿ ನಡುವೆ ಮರಳು ತುಂಬುತ್ತೇನೆ. ಒಂದರ ಬದಲು ಮೂರು ಮಾಡುತ್ತೇನೆ. ಎರಡೇ ಇದ್ದರೆ ಯಾವುದು ಸರಿದಿದೆ ಅಂತ ಹೇಗೆ ಹೇಳೋದು? ಬೀದರಿನವರಿಗೆ ಈ ತಲೆನೋವು ಕಡಿಮೆ, ಕೆಳಗೆ ಗಟ್ಟಿ ಕೆಂಪು ಕಲ್ಲು.


ಪ್ರಿಸಂ ಕೋಲು
ಮಂಗಳವಾರ, ರಾತ್ರಿ 9.45

ಬಹಳ ಒಳ್ಳೆಯ ಮಾತು. ಎತ್ತರದ ವಿಷಯ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ರೋವರ್ ಮೊದಲು ಕೊಡುವ ಎತ್ತರ ಸಮುದ್ರ ಮಟ್ಟದಿಂದಲ್ಲ, ಎಲಿಪ್ಸಾಯ್ಡ್ ಅನ್ನುವ ಲೆಕ್ಕದ ಮೈಯಿಂದ. ನಮ್ಮ ಭಾಗದಲ್ಲಿ ಅದು ಹತ್ತಾರು ಮೀಟರ್ ಕಡಿಮೆ ತೋರಿಸುತ್ತದೆ. ಒಬ್ಬರು ಅದನ್ನು ಹಿಡಿದು, ಇನ್ನೊಬ್ಬರು ಬೆಂಚ್ ಮಾರ್ಕ್ ಹಿಡಿದು ಚರಂಡಿ ಲೆವೆಲ್ ಕೊಟ್ಟರೆ ಕಥೆ ಮುಗಿಯಿತು. ಲೆವೆಲ್ ಅನ್ನುವುದು ಆಟೋ ಲೆವೆಲ್ಲಿನಿಂದಲೇ ಆಗಲಿ.


ತೊಗರಿಹೊಲ
ಗುರುವಾರ, ರಾತ್ರಿ 10.15

ನಿನ್ನೆ ಮತ್ತು ಇವತ್ತು ಬೆಳಿಗ್ಗೆ ಮರುಮಾರ್ಕಿಂಗ್ ಮುಗಿಸಿದೆವು. ಸ್ಟ್ರಕ್ಚರಲ್ ಇಂಜಿನಿಯರ್ ಮೇಲ್‌ನಲ್ಲಿ ಒಪ್ಪಿಗೆ ಕೊಟ್ಟರು. ಮಾಲೀಕರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡು ದಿನ ತಡ ಆಗುತ್ತದೆ ಅಂದೆ. ಅವರು ಒಂದೇ ಕೇಳಿದರು: ‘ಪಿಸಿಸಿ ಒಡೆಯಬೇಕಾ?’ ಇಲ್ಲ ಅಂದೆ. ಚಹಾ ತರಿಸಿದರು.

ಲೈನ್ 11 ಹಿಡಿದು ಎರಡೂ ಕಡೆ ಹೊರಟೆವು. ಗುಂಡಿಯ ಅಂಚಿನಿಂದ ಒಂದೂವರೆ ಮೀಟರ್ ಆಚೆ ಹಲಗೆ ಹೊಡೆಸಿ, ಹಲಗೆ ಮೇಲೆ ಮೊಳೆ ಹೊಡೆದು ದಾರ ಕಟ್ಟಿದ್ದೇವೆ. ಜೆಸಿಬಿ ಬಂದರೂ ತಾಗಬಾರದು ಅಂತ. ಗೌಂಡಿ ಮಗ, ನಿಮ್ಮ ಅಪ್ಪನ ಹಾಗೆಯೇ ಗಾಳಿಗೆ ಕೈ ಮರೆ ಮಾಡಿ ಗುಂಡು ಇಳಿಬಿಟ್ಟೆ. ಪಿಸಿಸಿ ಮೇಲೆ ಹಳೆಯ ಗೆರೆಗೂ ಹೊಸ ಗೆರೆಗೂ ನಡುವೆ ಕಿರುಬೆರಳಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಹಳೆಯದನ್ನು ಕೆಂಪು ಬಣ್ಣದಿಂದ ಅಡ್ಡ ಹೊಡೆಸಿದೆ, ಇಲ್ಲದಿದ್ದರೆ ಯಾರಾದರೂ ಅದನ್ನೇ ಹಿಡಿಯುತ್ತಾರೆ.

ಲೈನ್ 1ರಿಂದ 21ಕ್ಕೆ ಈಗ 120.001. ಇನ್ನೊಂದು ಬದಿ 119.999. ಕರ್ಣ 123.692, 123.694. ಈ ಸಲ ಡೈರಿಯಲ್ಲಿ ಬರಬೇಕಾದ ಅಂಕಿಯನ್ನು ಮೊದಲು ಬರೆದು, ಆಮೇಲೆ ಅಳೆದೆ.

ಒಂದು ಪ್ರಶ್ನೆ ಉಳಿದಿದೆ. ಈಗ ಶೆಡ್ಡು ಸೈಟ್ ಗ್ರಿಡ್ಡಿನಲ್ಲಿದೆ, ಕಾಂಪೌಂಡ್ ಗೋಡೆ ಮತ್ತು ಒಳರಸ್ತೆ ಇನ್ನೂ ಯುಟಿಎಂ ಫೈಲಿನಲ್ಲಿದೆ. ಅದನ್ನು ರೋವರಿನಿಂದಲೇ ಮಾರ್ಕ್ ಮಾಡಲಾ?


ಪ್ರಿಸಂ ಕೋಲು
ಗುರುವಾರ, ರಾತ್ರಿ 10.40

ಗಡಿ ಗೋಡೆ ಸರ್ವೇ ಕಲ್ಲಿಗೆ ಹೊಂದಬೇಕು, ಅದು ಯುಟಿಎಂನಲ್ಲೇ ಇರಲಿ. ಆದರೆ ಶೆಡ್ಡಿನ ಬಾಗಿಲಿಗೆ ಸೇರುವ ರಸ್ತೆಯನ್ನು ಸೈಟ್ ಗ್ರಿಡ್ಡಿಗೆ ತನ್ನಿ. ಶೆಡ್ಡಿನ ಸುತ್ತ ನಾಲ್ಕೈದು ಕಡೆ ಗಟ್ಟಿ ಪಾಯಿಂಟ್ ಮಾಡಿ, ಎರಡೂ ಪದ್ಧತಿಯಲ್ಲಿ ಓದಿ ರೋವರಿಗೆ ಸೈಟ್ ಕ್ಯಾಲಿಬ್ರೇಷನ್ (ಅದರ ಅಂಕಿಯನ್ನು ಸೈಟ್ ಗ್ರಿಡ್ಡಿಗೆ ಹೊಂದಿಸುವುದು) ಕೊಡಿ. ಪ್ರತಿ ಪಾಯಿಂಟಿನಲ್ಲಿ ಎಷ್ಟು ವ್ಯತ್ಯಾಸ ಉಳಿಯುತ್ತದೆ ಅಂತ ನೋಡಿ. ಒಂದೇ ಪಾಯಿಂಟಿನಲ್ಲಿ ಮಾತ್ರ ಜಾಸ್ತಿ ಬಂದರೆ ಆ ಪಾಯಿಂಟು ಕೆಟ್ಟಿದೆ, ಬಿಟ್ಟು ಮತ್ತೆ ಮಾಡಿ.

ಭಾನುವಾರ ನಾನು ಆ ಕಡೆ ಬರುವವನಿದ್ದೇನೆ. ಬೇಕಾದರೆ ಕ್ಯಾಲಿಬ್ರೇಷನ್ ಇಬ್ಬರೂ ಸೇರಿ ಮಾಡೋಣ.


ತೊಗರಿಹೊಲ
ಗುರುವಾರ, ರಾತ್ರಿ 10.44

ಖಂಡಿತ ಬನ್ನಿ ಸರ್. ಬೆಳಿಗ್ಗೆ 6.30ಕ್ಕೆ ಗೇಟ್ ತೆಗೆಸಿರುತ್ತೇನೆ.